ನಕ್ಷತ್ರಿಕನ ಫೋನು

ರಾತ್ರಿ ಏಳು ಮುಕ್ಕಾಲು. ಹುಳಿಗೆ ಒಗ್ಗರಣೆ ಬಿದ್ದು ಇಂಗಿನ ಘಮ ನಡುಮನೆಗೆ ಬರುವ ಹೊತ್ತಿಗೆ ಸರಿಯಾಗಿ ಫೋನು. ಗೊತ್ತಿಲ್ಲದ ನಂಬರು.

"ಸಾರ್, ನೀವು ಅವರ ಭಾವ ಅಲ್ವಾ?"

ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆಯ ಬೆನ್ನಿಗೆ ಒಂದು ಒಳ್ಳೆಯ ಸಮಾಚಾರ ಬಂದದ್ದಿಲ್ಲ. ಹಾಗಂತ ಅಲ್ಲವೆನ್ನೋಣವೆಂದರೆ ನಮ್ಮಾಕೆ ಸೌಟು ಹಿಡಿದು ಎದುರಿಗೇ ನಿಂತಿದ್ದಾಳೆ. ಹೌದೆಂದೆ.

"ಅವರು ಫೋನ್ ಎತ್ತುತ್ತಾ ಇಲ್ಲ ಸಾರ್. ಕ್ರೆಡಿಟ್ ಕಾರ್ಡ್ ಬಾಕಿ ಒಂದು ಲಕ್ಷ ನಲವತ್ತು ಸಾವಿರ ಆಗಿದೆ. ರೆಫರೆನ್ಸ್‌ಗೆ ನಿಮ್ಮ ನಂಬರ್ ಕೊಟ್ಟಿದಾರೆ. ಯಾವಾಗ ಕಟ್ತೀರಾ?"

"ನಾನ್ಯಾಕಪ್ಪ ಕಟ್ಟಲಿ?"

"ಮತ್ತೆ ರೆಫರೆನ್ಸ್ ನೀವೇ ಅಲ್ವಾ ಸಾರ್?"

ರೆಫರೆನ್ಸ್ ಎಂದರೆ ಜಾಮೀನಲ್ಲ ಎನ್ನುವುದು ಅವನಿಗೂ ಗೊತ್ತು, ನನಗೂ ಗೊತ್ತು. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ಮೇಲೆ ವಸೂಲಿಗೆ ಫೋನ್ ಮಾಡಬಾರದು, ಸಾಲಗಾರನ ಮನೆಯವರನ್ನೂ ಸ್ನೇಹಿತರನ್ನೂ ಗೋಳು ಹುಯ್ದುಕೊಳ್ಳಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಬರೆದಿಟ್ಟಿದೆ. ಅದನ್ನು ಹೇಳಿದೆ. "ಹೌದಾ ಸಾರ್? ನಮ್ಮ ಆಫೀಸಲ್ಲಿ ಯಾರೂ ಹೇಳ್ಲೇ ಇಲ್ಲ," ಎಂದ. ಸುಳ್ಳಿನಲ್ಲೂ ಎಂಥ ವಿನಯ! ಹಾಸನದ ಕಡೆಯ ಕನ್ನಡ ಬೇರೆ. ಬೈಯಲು ಬಾಯಿ ಬರಲಿಲ್ಲ.

ಫೋನಿಟ್ಟ ಮೇಲೆ ನೆನಪಾದವನು ನಕ್ಷತ್ರಿಕ. ಹರಿಶ್ಚಂದ್ರ ಕೊಡಬೇಕಿದ್ದ ಹಣವನ್ನು ವಸೂಲು ಮಾಡಿ ತಾ ಎಂದು ವಿಶ್ವಾಮಿತ್ರ ಅವನ ಬೆನ್ನಿಗೆ ಅಂಟಿಸಿ ಕಳಿಸಿದ ಆಸಾಮಿ. ರಾಘವಾಂಕನ ಕಾವ್ಯದಿಂದ ಹೊರಟು ಬಯಲಾಟ, ಕಂಪನಿ ನಾಟಕ, 1965ರ ರಾಜ್‌ಕುಮಾರ್ ಸಿನಿಮಾ ಎಲ್ಲವನ್ನೂ ಹಾದು ಕೊನೆಗೆ ನಮ್ಮಜ್ಜಿಯ ಬೈಗುಳಕ್ಕೆ ಬಂದು ನೆಲೆಸಿದ. ಬೆನ್ನು ಬಿಡದೆ ಕಾಡುವವರೆಲ್ಲ ಅವಳ ಪಾಲಿಗೆ ನಕ್ಷತ್ರಿಕರೇ. ನಮ್ಮೂರ ಜಾತ್ರೆಯ ನಾಟಕದಲ್ಲಿ ಆ ಪಾತ್ರ ಕಟ್ಟುತ್ತಿದ್ದ ಮೇಷ್ಟ್ರು, ಹರಿಶ್ಚಂದ್ರ ಹೆಂಡತಿ ಮಗನನ್ನು ಮಾರಿ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಮುಂದೆ ಬಂದು, "ಅದೆಲ್ಲ ಸರಿ ರಾಜ, ಕಾಶೀ ತನಕ ನಡೆದ ನನ್ನ ಕಾಲಿಗೆ ಕೂಲಿ?" ಎಂದು ಕೈಚಾಚುತ್ತಿದ್ದರು. ಜನ ಬಿದ್ದು ಬಿದ್ದು ನಗುತ್ತಿದ್ದರು. ಈಗ ಆ ಕೂಲಿಗೆ ಲೇಟ್ ಪೇಮೆಂಟ್ ಚಾರ್ಜ್ ಎಂದು ಹೆಸರು, ಮೇಲೆ ಶೇ. 18 ಜಿಎಸ್‌ಟಿ. ನಗುವವರೇ ಇಲ್ಲ.

ಭಾನುವಾರ ಬೆಳಿಗ್ಗೆ ಭಾಮೈದನೇ ಬಂದ. ಬಂದವನೇ ಅಕ್ಕ ಹಾಕಿದ ನಾಲ್ಕು ದೋಸೆ ತಿಂದ, ಐದನೆಯದನ್ನು ಬೇಡವೆನ್ನುತ್ತ ತಟ್ಟೆ ಮುಂದೆ ಹಿಡಿದ.

"ಬ್ಯಾಂಕಿನವರು ಫೋನ್ ಮಾಡಿದ್ದರಪ್ಪ."

"ಎತ್ತಬೇಡಿ ಭಾವ. ಎತ್ತಿದ್ರೇನೇ ತೊಂದ್ರೆ."

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆಂದು ಗೋಡೆಯ ಮೇಲೆ "ನಾಳೆ ಬಾ" ಎಂದು ಬರೆದಿಡುತ್ತಿದ್ದರು. ದೆವ್ವ ಓದಿಕೊಂಡು ವಾಪಸು ಹೋಗುತ್ತಿತ್ತಂತೆ. ಕನ್ನಡ ಬಲ್ಲ ದೆವ್ವ, ಮಾತಿಗೆ ಬೆಲೆ ಕೊಡುವ ದೆವ್ವ. ಭಾಮೈದ ಬ್ಯಾಂಕನ್ನೂ ಆ ಜಾತಿಗೆ ಸೇರಿಸಿದ್ದ. ಬ್ಯಾಂಕು ನಾಳೆ ಬಾ ಎಂದರೆ ನಿಜವಾಗಿ ನಾಳೆ ಬರುತ್ತದೆ, ಒಂದು ದಿನದ ಬಡ್ಡಿ ಸೇರಿಸಿಕೊಂಡು.

ಈ ಸಾಲ ಶುರುವಾದದ್ದು ಒಂದು ಟ್ರಾಲಿ ಬ್ಯಾಗಿನಿಂದ. ಮಾಲ್‌ನ ಬಾಗಿಲಲ್ಲಿ ಟೇಬಲ್ ಹಾಕಿಕೊಂಡು ನಿಂತಿದ್ದ ಹುಡುಗಿ, ಕಾರ್ಡ್ ಮಾಡಿಸಿದರೆ ಬ್ಯಾಗ್ ಫ್ರೀ ಎಂದಳು. ಬ್ಯಾಗ್ ಬಂತು. ಖಾಲಿ ಬ್ಯಾಗ್ ಮನೆಯಲ್ಲಿಟ್ಟುಕೊಂಡು ಏನು ಮಾಡುವುದು? ಗೋವಾಕ್ಕೆ ಹೋದ. ಗೋವಾಕ್ಕೆ ಹೋದ ಮೇಲೆ ಫೋಟೋ ಬೇಡವೇ? ಹೊಸ ಫೋನು ಕೊಂಡ. ಫೋಟೋದಲ್ಲಿ ಹಳೇ ಶರಟು ಚೆನ್ನಾಗಿ ಕಾಣಲಿಲ್ಲ. ಇಷ್ಟರಲ್ಲಿ ಏರ್‌ಪೋರ್ಟಿನ ಲೌಂಜಿನಲ್ಲಿ ಎರಡು ರೂಪಾಯಿಗೆ ಇಡ್ಲಿ ವಡೆ ಕಾಫಿ ಸಿಕ್ಕಿತೆಂದು ನನಗೆ ಮೂರು ಸಲ ಹೇಳಿದ್ದ. ಆ ಇಡ್ಲಿಯ ನಿಜವಾದ ಬೆಲೆ ಈಗ ಬಿಲ್ಲಿನಲ್ಲಿ ಕಾಣುತ್ತಿದೆ.

ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಪೂರ್ತಿ ಬಾಕಿ. ಇನ್ನೊಂದು ಮಿನಿಮಮ್ ಡ್ಯೂ, ನೋಡಲು ಬಲು ಸಾಧು. 50,000 ಬಾಕಿಯಿದ್ದರೆ ಶೇ. 5ರ ಲೆಕ್ಕದಲ್ಲಿ 2,500 ಕಟ್ಟಿ ಸಾಕು ಎನ್ನುತ್ತದೆ. ಇದು ಬ್ಯಾಂಕು ತನ್ನ ಮೇಲಿಟ್ಟ ವಿಶ್ವಾಸ ಎಂದು ಭಾಮೈದ ತಿಳಿದಿದ್ದ. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸಿದೆ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಎಂದರೆ 1,750. ಬಡ್ಡಿಯ ಮೇಲೆ ಜಿಎಸ್‌ಟಿ 315. ಕೂಡಿದರೆ 2,065. ಕಟ್ಟಿದ 2,500ರಲ್ಲಿ ಅಸಲಿಗೆ ಸಂದದ್ದು 435 ರೂಪಾಯಿ. ಸಾಲದ್ದಕ್ಕೆ, ಪೂರ್ತಿ ಕಟ್ಟದವನಿಗೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೂ ಕೈತಪ್ಪುತ್ತದೆ. ಆಮೇಲೆ ಕೊಂಡ ಟೂತ್‌ಪೇಸ್ಟಿಗೂ ಕೊಂಡ ದಿನದಿಂದಲೇ ಬಡ್ಡಿ. ಪೇಸ್ಟು ಹಿಂಡಿ ಮುಗಿದರೂ ಅದರ ಸಾಲ ಮುಗಿಯುವುದಿಲ್ಲ.

ಹೀಗೆ ಮಿನಿಮಮ್ ಕಟ್ಟುತ್ತ ಬಾಕಿಯನ್ನು ಉರುಳಿಸಿಕೊಂಡು ಹೋಗುವ ಗಿರಾಕಿಗೆ ಕಾರ್ಡ್ ಕಂಪನಿಗಳ ಭಾಷೆಯಲ್ಲಿ ರಿವಾಲ್ವರ್ ಎನ್ನುತ್ತಾರೆ. ಆಣೆಗೂ ನನ್ನ ತಮಾಷೆಯಲ್ಲ. ಗಡುವಿನೊಳಗೆ ಪೂರ್ತಿ ಕಟ್ಟಿಬಿಡುವ ನನ್ನಂಥವನಿಗೆ ಅಮೆರಿಕದ ಕಾರ್ಡ್ ದಂಧೆಯವರು ಇಟ್ಟ ಅಡ್ಡಹೆಸರು ಡೆಡ್‌ಬೀಟ್. ಬೇರೆ ಕಡೆ ಅದು ಸಾಲ ತೀರಿಸದ ದಿವಾಳಿಕೋರನನ್ನು ಬೈಯುವ ಮಾತು! ನಿವೃತ್ತ ಇತಿಹಾಸದ ಮೇಷ್ಟ್ರು, ಆಯುಷ್ಯದಲ್ಲಿ ಒಂದು ಕಂತು ತಪ್ಪಿಸದವನು, ನಾನು ಅವರ ಲೆಕ್ಕದಲ್ಲಿ ನಾಲಾಯಕ್ಕು. ಹೆಂಡತಿಗೆ ಹೇಳಿದೆ. "ಅವರಿಗೂ ಗೊತ್ತಾಯ್ತಾ?" ಎಂದಳು.

ಇಷ್ಟೆಲ್ಲ ಕೇಳಿದ ಮೇಲೆ ಭಾಮೈದನಿಗೆ ನಾಚಿಕೆಯಾಗುತ್ತದೆಂದು ಕಾದೆ. ಅವನು ಕೈತೊಳೆದು ಬಂದು ವಾದಕ್ಕೆ ಕೂತ.

"ನಾನು ಯಾರಿಗೆ ಮೋಸ ಮಾಡಿದೆ ಹೇಳಿ ಭಾವ? ಬ್ಯಾಂಕು ಮನುಷ್ಯ ಅಲ್ಲವಲ್ಲ."

ಈ ಮಾತಿಗೆ ನನ್ನ ಹತ್ತಿರ ತಕ್ಷಣ ಉತ್ತರವಿರಲಿಲ್ಲ. ನಮ್ಮೂರ ಶೆಟ್ಟರ ಅಂಗಡಿ ನೆನಪಾಯಿತು. ಗಲ್ಲಾಪೆಟ್ಟಿಗೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಎಂಬ ಬೋರ್ಡು, ಅದರ ಕೆಳಗೇ ಉದ್ರಿ ಲೆಕ್ಕದ ಕೆಂಪು ಬಟ್ಟೆಯ ರಟ್ಟಿನ ಪುಸ್ತಕ. ಸಂಬಳ ತಡವಾದ ತಿಂಗಳು ನಮ್ಮಪ್ಪ ಆಫೀಸಿನಿಂದ ಪೇಟೆಬೀದಿಯಲ್ಲಿ ಬರುತ್ತಿರಲಿಲ್ಲ. ದೇವಸ್ಥಾನದ ಹಿಂದಿನ ಓಣಿ ಹಿಡಿದು, ಕುಂಬಾರಕೇರಿ ಸುತ್ತಿ, ಅರ್ಧ ಮೈಲಿ ಹೆಚ್ಚು ನಡೆದು ಮನೆ ಸೇರುತ್ತಿದ್ದರು. ಶೆಟ್ಟರು ಬಡ್ಡಿ ಹಾಕುತ್ತಿರಲಿಲ್ಲ. ಆ ಅರ್ಧ ಮೈಲಿಯೇ ಅಪ್ಪ ತಮ್ಮಷ್ಟಕ್ಕೆ ತಾವು ಕಟ್ಟುತ್ತಿದ್ದ ಬಡ್ಡಿ. ಶೆಟ್ಟರಿಗೂ ಅದು ಗೊತ್ತಿತ್ತು. ಒಂದು ಸಲ ಅಮ್ಮ ಆಸ್ಪತ್ರೆ ಸೇರಿದಾಗ ಕೇಳದೆಯೇ ಒಂದು ಮೂಟೆ ಅಕ್ಕಿ ಕಳಿಸಿ, ಪುಸ್ತಕದಲ್ಲಿ ಬರೆದುಕೊಂಡದ್ದು ಮೂರು ತಿಂಗಳ ಮೇಲೆ.

ಕಾರ್ಡಿಗೆ ಶೆಟ್ಟರಿಲ್ಲ. ಅದನ್ನು ಉಜ್ಜುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ, ತೀರಿಸದಿದ್ದಾಗ ಯಾವ ಓಣಿಯನ್ನೂ ಸುತ್ತಬೇಕಾಗಿಲ್ಲ. ನಮ್ಮ ಭಾಮೈದ ದಿನಾ ಅದೇ ಬ್ಯಾಂಕಿನ ಎಟಿಎಂ ಮುಂದೆ ತಲೆಯೆತ್ತಿಕೊಂಡು ಹೋಗುತ್ತಾನೆ; ಬಿಸಿಲು ಹೆಚ್ಚಿದ್ದರೆ ಒಳಗೆ ಹೋಗಿ ಎರಡು ನಿಮಿಷ ಎಸಿಯಲ್ಲಿ ನಿಂತೂ ಬರುತ್ತಾನೆ. ಹಾಗಾಗಿ ಮೋಸ ಯಾರಿಗೆ ಎಂಬ ಅವನ ಪ್ರಶ್ನೆ ನಾಟಕದ್ದಲ್ಲ, ಪ್ರಾಮಾಣಿಕವಾದದ್ದೇ. ಅವನಿಗೆ ನಿಜಕ್ಕೂ ಯಾರೂ ಕಾಣಿಸುತ್ತಿಲ್ಲ.

"ಮಲ್ಯ ಕಟ್ಟಿದರಾ?" ಎಂಬುದು ಮುಂದಿನ ಬಾಣ. ನಮ್ಮ ರಾಜ್ಯದ ಸಾಲಗಾರರೆಲ್ಲರ ಬತ್ತಳಿಕೆಯಲ್ಲಿ ಇದೊಂದು ಇದ್ದೇ ಇರುತ್ತದೆ. ಕಿಂಗ್‌ಫಿಷರ್ ಏರ್‌ಲೈನ್ಸಿನ ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟಾಗ ಬ್ಯಾಂಕುಗಳು ಕೇಳುತ್ತಿದ್ದದ್ದು ಒಂಬತ್ತು ಸಾವಿರ ಕೋಟಿ. ಅವರ ಆಸ್ತಿಯಿಂದ 14,131 ಕೋಟಿ ಬ್ಯಾಂಕುಗಳಿಗೆ ವಾಪಸಾಗಿದೆಯೆಂದು ಹಣಕಾಸು ಸಚಿವೆ 2024ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಹೇಳಿದರು. ವಿಮಾನ ಹತ್ತಿ ಮನುಷ್ಯ ಹೋಗಬಹುದು, ಆಸ್ತಿ ಲಗೇಜಿನಲ್ಲಿ ಹಿಡಿಸುವುದಿಲ್ಲ. "ನನಗೆ ಆಸ್ತಿಯೇ ಇಲ್ಲವಲ್ಲ!" ಎಂದು ಭಾಮೈದ ಗೆದ್ದವನಂತೆ ನೋಡಿದ. ಅಲ್ಲಿಗೆ ಆ ಬಾಬತ್ತು ಮುಗಿಯಿತು.

ಮೂರನೆಯದು ಸ್ವಲ್ಪ ಗಟ್ಟಿ. "ವರ್ಷಕ್ಕೆ 42 ಪರ್ಸೆಂಟ್ ಬಡ್ಡಿ ಹಾಕೋದು ಧರ್ಮಾನಾ?"

ಧರ್ಮದ ಮಾತು ಬಂದರೆ ಇತಿಹಾಸದ ಮೇಷ್ಟ್ರಿಗೆ ಚಟ ಕೆರಳುತ್ತದೆ. ಆರನೇ ವಿಕ್ರಮಾದಿತ್ಯನ ಕಾಲಕ್ಕೆ ನಮ್ಮ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಅದರಲ್ಲಿ ಸಾಲದ ಪ್ರಕರಣವೇ ಒಂದಿದೆ. ಒತ್ತೆ ಇಟ್ಟರೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗ, ಅಂದರೆ ಒಂದೂಕಾಲು ಪರ್ಸೆಂಟ್. ಒತ್ತೆಯಿಲ್ಲದಿದ್ದರೆ ಜಾತಿ ನೋಡಿ ಎರಡು, ಮೂರು, ನಾಲ್ಕು, ಐದು. ಮೇಲಿನವನಿಗೆ ಕಡಿಮೆ, ಕೆಳಗಿನವನಿಗೆ ಹೆಚ್ಚು. ಇರುವವನಿಗೆ ಅಗ್ಗ, ಇಲ್ಲದವನಿಗೆ ದುಬಾರಿ ಎನ್ನುವ ಬುದ್ಧಿ ಬ್ಯಾಂಕಿನವರು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಕಾಡು ದಾಟಿ ವ್ಯಾಪಾರಕ್ಕೆ ಹೋಗುವವನಿಗೆ ಹತ್ತು, ಸಮುದ್ರಕ್ಕೆ ಇಳಿಯುವವನಿಗೆ ಇಪ್ಪತ್ತು. ಈ ಲೆಕ್ಕದಲ್ಲಿ ಕಾರ್ಡಿನ ಮೂರೂವರೆ ಎಂದರೆ ಕ್ಷತ್ರಿಯನಿಗೂ ವೈಶ್ಯನಿಗೂ ನಡುವೆ ಎಲ್ಲೋ ಬಂತು. ಭಾಮೈದ ಗೋವಾದಲ್ಲಿ ಸಮುದ್ರಕ್ಕೆ ಇಳಿದಿದ್ದನಲ್ಲ, ಇಪ್ಪತ್ತು ಹಾಕದ್ದು ಬ್ಯಾಂಕಿನ ಔದಾರ್ಯ.

ಆದರೆ ಹಳಬರ ಒಂದು ನಿಯಮ ಇವತ್ತಿಗೂ ನನಗೆ ಮೆಚ್ಚುಗೆ. ಬಡ್ಡಿ ಎಷ್ಟೇ ಬೆಳೆದರೂ ಒಮ್ಮೆಗೆ ವಸೂಲು ಮಾಡುವುದು ಅಸಲಿನಷ್ಟನ್ನು ಮೀರಬಾರದು. ದಾಮದುಪ್ಪಟ್ಟು ಎಂದು ಅದರ ಹೆಸರು. ಬ್ರಿಟಿಷರ ಕಾಲದಲ್ಲೂ ಮುಂಬೈ ಪ್ರಾಂತದ ಕೋರ್ಟುಗಳು ಅದನ್ನು ಒಪ್ಪುತ್ತಿದ್ದವು, ಧಾರವಾಡ ಬೆಳಗಾವಿಗಳೂ ಆಗ ಅದರೊಳಗೇ ಇದ್ದವು. ಕಾರ್ಡಿಗೆ ಅಂಥ ಲಗಾಮಿಲ್ಲ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಬಡ್ಡಿ ಹೆಚ್ಚಾಯಿತು ಎಂಬಷ್ಟಕ್ಕೆ ನಾನು ಭಾಮೈದನ ಪಕ್ಷ. ಬಡ್ಡಿ ಹೆಚ್ಚೆಂದು ಅಸಲನ್ನೇ ನುಂಗುವುದು ಮಾತ್ರ, ಹೋಟೆಲಿನಲ್ಲಿ ಕಾಫಿ ದುಬಾರಿಯೆಂದು ಲೋಟ ಹೊತ್ತುಕೊಂಡು ಬಂದ ಹಾಗೆ.

ಇಷ್ಟು ಹೊತ್ತು ದೇವರಮನೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ನಮ್ಮತ್ತೆ ಈಗ ಬಾಯಿ ಹಾಕಿದರು. "ಅಳಿಯಂದ್ರೇ, ಅವನನ್ನೊಬ್ಬನ್ನೇ ಯಾಕೆ ಅಂತೀರಿ? ಆ ತಿಮ್ಮಪ್ಪನೇ ಸಾಲಗಾರ. ಮದುವೆಗೆ ಕುಬೇರನ ಹತ್ರ ಮಾಡಿದ ಸಾಲ ಇನ್ನೂ ತೀರಿಲ್ಲ."

ಮಾತು ತೂಕದ್ದೇ. ಕುಬೇರನಿಗೆ ತಿಮ್ಮಪ್ಪ ಕಟ್ಟುತ್ತಿರುವುದು ಬರೀ ಬಡ್ಡಿ, ಅಸಲು ಕಲಿಯುಗದ ಕೊನೆಗೆ. ನೋಡಿದರೆ ಅವನೂ ಮಿನಿಮಮ್ ಡ್ಯೂ ಗಿರಾಕಿಯೇ. ಆದರೆ ಅತ್ತೆ, ಅವನು ಒಂದು ಕಂತು ತಪ್ಪಿಸಿದ್ದನ್ನು ಯಾರಾದರೂ ಕೇಳಿದ್ದಾರೆಯೇ? ಅಣ್ಣ ಗೋವಿಂದರಾಜ ಹಣ ಅಳೆದೂ ಅಳೆದೂ ಸುಸ್ತಾಗಿ, ಅಳೆಯುವ ಕೊಳಗವನ್ನೇ ತಲೆದಿಂಬು ಮಾಡಿಕೊಂಡು ಕೆಳ ತಿರುಪತಿಯಲ್ಲಿ ಮಲಗಿಬಿಟ್ಟಿದ್ದಾನೆ. ಎಲ್ಲಕ್ಕಿಂತ ಮುಖ್ಯವಾಗಿ, ತಿಮ್ಮಪ್ಪ ರೆಫರೆನ್ಸಿಗೆ ಭಾವನ ನಂಬರು ಕೊಡಲಿಲ್ಲ.

ಅತ್ತೆಗೆ ನಿಜವಾದ ಭಯವೇ ಬೇರೆ. ಮಗನ ಸಾಲಕ್ಕೆ ತಮ್ಮ ಮನೆ ಹೋಗುತ್ತದೇನೋ ಎಂದು. ಇಲ್ಲವೆಂದು ಧೈರ್ಯ ಹೇಳಿದೆ. ಕಾರ್ಡಿನ ಸಾಲಕ್ಕೆ ಒತ್ತೆಯಿಲ್ಲ, ಜಾಮೀನಿಗೆ ಸಹಿ ಹಾಕದ ತಾಯಿಯ ಸ್ವಂತ ಆಸ್ತಿಗೆ ಬ್ಯಾಂಕು ಕೈಹಾಕುವಂತಿಲ್ಲ. ಹಳೆಯ ಧರ್ಮಶಾಸ್ತ್ರದಲ್ಲಿ ಸಾಲ ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು. ಅದರಲ್ಲೂ ಕುಡಿತ, ಹೆಣ್ಣು, ಜೂಜು, ದಂಡದ ಬಾಕಿ, ಸುಮ್ಮಸುಮ್ಮನೆ ಕೊಟ್ಟ ದಾನ ಇವಕ್ಕೆಂದು ಅಪ್ಪ ಮಾಡಿದ ಸಾಲವನ್ನು ಮಗ ತೀರಿಸಬೇಕಾಗಿರಲಿಲ್ಲ. 2005ರ ತಿದ್ದುಪಡಿಯ ಮೇಲೆ ಆ ಪುತ್ರಧರ್ಮದ ಹೆಸರಿನಲ್ಲಿ ಮಗನ ಮೇಲೆ ಹೊಸ ಸಾಲಗಳ ದಾವೆ ಹೂಡುವಂತೆಯೂ ಇಲ್ಲ. ಸತ್ತವನು ಬಿಟ್ಟುಹೋದ ಆಸ್ತಿಯಿದ್ದರೆ ಬ್ಯಾಂಕು ಅದರಲ್ಲಿ ಪಾಲು ಕೇಳಬಹುದು, ಅಷ್ಟೆ. ಅತ್ತೆ ನಿಟ್ಟುಸಿರು ಬಿಟ್ಟು ಮಗನಿಗೆ ಇನ್ನೊಂದು ಲೋಟ ಕಾಫಿ ತಂದರು.

"ನೋಡಿದ್ರಾ? ಜೈಲೂ ಇಲ್ಲ, ಜಪ್ತಿನೂ ಇಲ್ಲ," ಎಂದ ಭಾಮೈದ. ಯೂಟ್ಯೂಬಿನಲ್ಲಿ ಯಾವನೋ ಕರಿಕೋಟಿನವನು ಮೂರು ವರ್ಷ ತಲೆತಪ್ಪಿಸಿಕೊಂಡರೆ ಸಾಲ ಸತ್ತಿತು ಎಂದಿದ್ದಾನಂತೆ. ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಹೆಚ್ಚು ಹಾಳು ಮಾಡುತ್ತದೆ. ಕಟ್ಟಲಾಗದ್ದು ಅಪರಾಧವಲ್ಲ, ಪೊಲೀಸರು ಬಂದು ಎಳೆದೊಯ್ಯುವುದಿಲ್ಲ, ಸರಿ. ಆದರೆ ಕೊಟ್ಟ ಚೆಕ್ಕು ಬೌನ್ಸ್ ಆದರೆ ಎರಡು ವರ್ಷದ ತನಕ ಶಿಕ್ಷೆಯಿದೆ. ಸಿವಿಲ್ ದಾವೆಗೆ ಮೂರು ವರ್ಷದ ಕಾಲಮಿತಿ ನಿಜ. ನಡುವೆ ಐನೂರು ರೂಪಾಯಿ ಕಟ್ಟಿ ರುಜು ಹಾಕಿದರೂ ಗಡಿಯಾರ ಮತ್ತೆ ಮೊದಲಿನಿಂದ ಓಡುತ್ತದೆ. ಡಿಕ್ರಿಯಾದರೆ ಸಂಬಳದ ಒಂದು ಭಾಗಕ್ಕೆ ಕೈಬರುತ್ತದೆ. ದುಡ್ಡಿದ್ದೂ ಕೊಡದವನನ್ನು ಸಿವಿಲ್ ಜೈಲಿಗೆ ಕಳಿಸಲೂಬಹುದು. ಇಲ್ಲದ್ದಕ್ಕೆ ಕೊಡದವನನ್ನು ಕಳಿಸಬಾರದು, ಬಡತನ ಅಪರಾಧವಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರಲ್ಲಿ ತೀರ್ಪು ಬರೆದರು.

ಆ ತೀರ್ಪು ಬೇಕಾಗಿರುವವರು ನಮ್ಮ ಎದುರುಮನೆಯಲ್ಲಿದ್ದಾರೆ. ಹೆಂಡತಿಯ ಡಯಾಲಿಸಿಸ್‌ಗೆ ಎರಡು ಕಾರ್ಡು ಉಜ್ಜಿ, ಕೆಲಸವೂ ಹೋಗಿ ಕೂತವರು. ಫೋನ್ ಬಂದರೆ ಎತ್ತುತ್ತಾರೆ. "ಇಲ್ಲಪ್ಪ, ಈ ತಿಂಗಳೂ ಇಲ್ಲ," ಎನ್ನುತ್ತಾರೆ. ದನಿ ಕೇಳಿದರೆ ನನ್ನಪ್ಪ ಕುಂಬಾರಕೇರಿ ಸುತ್ತುತ್ತಿದ್ದದ್ದು ನೆನಪಾಗುತ್ತದೆ. ವಿಚಿತ್ರ ನೋಡಿ, ಎತ್ತುವ ಫೋನಿಗೇ ನಕ್ಷತ್ರಿಕ ಮತ್ತೆ ಮತ್ತೆ ಮಾಡುತ್ತಾನೆ. ಎತ್ತದ ಭಾಮೈದನನ್ನು ಬಿಟ್ಟು ಭಾವನಿಗೆ ಮಾಡುತ್ತಾನೆ. ಅವರಿಗೆ ನಾನೇ ಕೂತು ಬ್ಯಾಂಕಿಗೆ ಕಾಗದ ಬರೆದುಕೊಟ್ಟೆ: ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಒಡೆದುಕೊಡಿ ಎಂದು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಿಚಾರಿಸಲು 14448 ಎಂಬ ನಂಬರಿದೆ. ಅವರ ಸಾಲವನ್ನು ಬ್ಯಾಂಕು ಬಿಟ್ಟರೆ ನಾನು ಸಂತೋಷಪಡುತ್ತೇನೆ. ಭಾಮೈದನದ್ದನ್ನು ಬಿಟ್ಟರೆ ನನ್ನ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಬ್ಯಾಂಕು ಕಳೆದುಕೊಂಡದ್ದನ್ನು ಗಲ್ಲಾಪೆಟ್ಟಿಗೆಯಿಂದ ತುಂಬಿಕೊಳ್ಳುವುದಿಲ್ಲ, ಮೂರೂವರೆ ಪರ್ಸೆಂಟಿನಿಂದ ತುಂಬಿಕೊಳ್ಳುತ್ತದೆ. ಆ ಮೂರೂವರೆಯನ್ನು ಕಟ್ಟುವವರು ಎದುರುಮನೆಯವರಂಥವರು. ಭಾಮೈದ ಗೋವಾದಲ್ಲಿ ತಿಂದ ಮೀನಿನ ಮುಳ್ಳು ಅವರ ಗಂಟಲಿಗೆ. ಮೋಸ ಯಾರಿಗೆ ಎಂದು ಕೇಳಿದ್ದನಲ್ಲ, ಕಿಟಕಿ ತೆರೆದು ತೋರಿಸಿದೆ. ಅವನು ಆ ಕಡೆ ನೋಡದೆ ಕಾಫಿ ಕುಡಿದ.

ಕೊನೆಗೆ ಅವನನ್ನು ಬಗ್ಗಿಸಿದ್ದು ಕಾನೂನೂ ಅಲ್ಲ, ವಿಜ್ಞಾನೇಶ್ವರನೂ ಅಲ್ಲ, ಸಿಬಿಲ್. ಮುನ್ನೂರರಿಂದ ಒಂಬೈನೂರರ ತನಕ ಅಂಕ ಕೊಡುವ ಈ ಜಾತಕ ಈಗ ಎಲ್ಲರ ಕೈಗೂ ಸಿಗುತ್ತದೆ. ಕಾರ್ಡು, ಸಾಲಗಳ ಬಾಕಿಯಿಂದ ಸಿಬಿಲ್ ಕೆಟ್ಟವನಿಗೆ ಬ್ಯಾಂಕಿನ ಕೆಲಸ ರದ್ದಾದದ್ದನ್ನು 2025ರಲ್ಲಿ ಮದ್ರಾಸ್ ಹೈಕೋರ್ಟು ಎತ್ತಿಹಿಡಿಯಿತು. ಅದೇ ವರ್ಷ ಮಹಾರಾಷ್ಟ್ರದ ಮೂರ್ತಿಜಾಪುರದಲ್ಲಿ ಹುಡುಗಿಯ ಸೋದರಮಾವ ಹುಡುಗನ ಸಿಬಿಲ್ ನೋಡಿ ಮದುವೆಯನ್ನೇ ಮುರಿದ ಸುದ್ದಿ ಪೇಪರಿನಲ್ಲಿ ಬಂತು. ಮೂವತ್ತಾರಾದರೂ ಮದುವೆಯಾಗದ ನಮ್ಮ ಭಾಮೈದ ಆ ಸುದ್ದಿಯನ್ನು ಎರಡು ಸಲ ಓದಿದ. ಅವನಿಗೂ ಒಂದು ಕಡೆ ಮಾತುಕತೆ ನಡೆದಿತ್ತು.

ಮಾರನೆಯ ವಾರ ಅವನೇ ಹಾಸನದ ಹುಡುಗನಿಗೆ ಫೋನ್ ಮಾಡಿದ. 1,40,000ಕ್ಕೆ 60,000 ಕೊಟ್ಟು ಮುಗಿಸಿಕೊಳ್ಳಿ ಎಂದಿತು ಬ್ಯಾಂಕು. ನಾನು ಬೇಡವೆಂದೆ: ಹೀಗೆ ಚೌಕಾಸಿ ಮಾಡಿ ಮುಗಿಸಿದರೆ ಸಿಬಿಲ್‌ನಲ್ಲಿ ಕ್ಲೋಸ್ಡ್ ಎಂದು ಬರೆಯುವುದಿಲ್ಲ, ಸೆಟಲ್ಡ್ ಎಂದು ಬರೆಯುತ್ತಾರೆ, ವರ್ಷಗಟ್ಟಲೆ ಆ ಮಚ್ಚೆ ಹೋಗುವುದಿಲ್ಲ. ಕಂತಿನಲ್ಲಾದರೂ ಪೂರ್ತಿ ಕಟ್ಟು ಎಂದೆ. ಕೇಳುವ ಪೈಕಿಯೇ? ಅರವತ್ತು ಸಾವಿರ ಬಂದದ್ದು ಅವನಕ್ಕನ ಚೀಟಿ ದುಡ್ಡಿನಿಂದ. ಅಂದರೆ ನನ್ನ ಪೆನ್ಷನ್ನಿನಿಂದ. ಯಾವಾಗ ಕಟ್ತೀರಾ ಎಂದು ಆ ಹುಡುಗ ನನ್ನನ್ನು ಕೇಳಿದ್ದು ಅಧಿಕಪ್ರಸಂಗ ಎಂದುಕೊಂಡಿದ್ದೆ. ಅವನಿಗೆ ನಮ್ಮ ಮನೆಯ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹೆಣ್ಣಿನ ಕಡೆಯವರು ಬಂದರು. ಉಪ್ಪಿಟ್ಟು ಕೇಸರಿಬಾತು ಆಯಿತು. ಹುಡುಗಿಯ ದೊಡ್ಡಪ್ಪ ಕೈಯೊರೆಸಿಕೊಳ್ಳುತ್ತ, "ಹುಡುಗ ಲೈಫಲ್ಲಿ ಸೆಟಲ್ ಆಗಿದಾನೋ?" ಎಂದರು.

"ಆಗಿದಾನೆ ಸ್ವಾಮಿ," ಎಂದರು ನಮ್ಮತ್ತೆ. "ಸಿಬಿಲ್‌ನಲ್ಲೇ ಹಾಗಂತ ಬರೆದಿದೆಯಂತೆ."

ದೊಡ್ಡಪ್ಪ ನಿವೃತ್ತ ಬ್ಯಾಂಕ್ ಮ್ಯಾನೇಜರು. ತಿಂಗಳಾಯಿತು, ಆ ಕಡೆಯಿಂದ ಫೋನಿಲ್ಲ.

ಈಗ ಭಾಮೈದ ಬೈಕ್ ಸಾಲಕ್ಕೆ ಅರ್ಜಿ ಹಾಕುತ್ತಿದ್ದಾನೆ. ಇಬ್ಬರ ರೆಫರೆನ್ಸ್ ಬೇಕಂತೆ. ನನ್ನ ನಂಬರು ಬದಲಾಗಿದೆಯೆಂದು ಹೇಳಿದ್ದೇನೆ. ಮೂವತ್ತಾರರ ಆಸುಪಾಸಿನ, ನಗುಮುಖದ, ಕೈಯಲ್ಲಿ ಒಳ್ಳೆಯ ಟ್ರಾಲಿ ಬ್ಯಾಗಿರುವ ವ್ಯಕ್ತಿಯೊಬ್ಬ ನಿಮ್ಮ ಮನೆಗೆ ಬಂದು, ಕಾಫಿ ಕುಡಿದು, ಮೆಲ್ಲಗೆ ನಿಮ್ಮ ಫೋನ್ ನಂಬರು ಕೇಳಿದರೆ ದಯವಿಟ್ಟು ಕೊಡಬೇಡಿ.